ಡಾರ್ಸಿಯ ಪ್ಯಾಕೇಜು, ಎಲಿಜಬೆತ್‌ಳ ನಾಲಿಗೆ

ಹೈದರಾಬಾದಿನ ಐಟಿ ಬಡಾವಣೆ ಮಾದಾಪುರದಲ್ಲಿ ಗಂಡು ಹುಡುಕುವ ಮಾತು ಬಂದರೆ ಹುಡುಗನ ಹೆಸರಿಗಿಂತ ಮೊದಲು ಅವನ ಪ್ಯಾಕೇಜು ಬರುತ್ತದೆ. 1998ರಲ್ಲಿ ಸೈಬರ್ ಟವರ್ಸ್ ಎದ್ದ ಮೇಲೆ ಅಂಟಿದ ಚಾಳಿ ಇದು ಎನ್ನುವವರು ಜೇನ್ ಆಸ್ಟಿನ್‌ಳನ್ನು ಓದಿಲ್ಲ. 1813ರ ‘ಪ್ರೈಡ್ ಅಂಡ್ ಪ್ರೆಜುಡಿಸ್’ನಲ್ಲಿ ಡಾರ್ಸಿ ಕುಣಿತದ ಕೂಟಕ್ಕೆ ಕಾಲಿಟ್ಟ ಐದೇ ನಿಮಿಷದಲ್ಲಿ ಅವನ ವರಮಾನ ವರ್ಷಕ್ಕೆ ಹತ್ತು ಸಾವಿರ ಪೌಂಡು ಎಂಬ ಸುದ್ದಿ ಕೂಟವನ್ನೆಲ್ಲ ಸುತ್ತಿರುತ್ತದೆ. ಅಂದಹಾಗೆ, ಆ ಕಾದಂಬರಿಯ ಹಕ್ಕನ್ನು ಆಸ್ಟಿನ್ ಮಾರಿದ್ದು 110 ಪೌಂಡಿಗೆ, ಆಸೆಪಟ್ಟಿದ್ದು 150ಕ್ಕೆ. ನಾಯಕನಿಗೆ ಅಷ್ಟು ಧಾರಾಳವಾಗಿ ಕೊಟ್ಟವಳ ಹತ್ತಿರ ಪ್ರಕಾಶಕ ಚೌಕಾಸಿ ಮಾಡಿದ!

ಅದೇ ಕೂಟದಲ್ಲಿ ಡಾರ್ಸಿ, ನಾಯಕಿ ಎಲಿಜಬೆತ್‌ಳ ಕಿವಿಗೆ ಬೀಳುವಂತೆ, ಹುಡುಗಿ ಪರವಾಗಿಲ್ಲ, ಆದರೆ ತಾನು ಎದ್ದು ಹೋಗಿ ಕುಣಿಯುವಷ್ಟು ಚೆಲುವೆಯಲ್ಲ ಅಂದುಬಿಡುತ್ತಾನೆ. ಬೇರೆ ನಾಯಕಿಯಾಗಿದ್ದರೆ ಮೂಲೆ ಸೇರಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಇವಳು ಗೆಳತಿಯರ ನಡುವೆ ಹೋಗಿ ಆ ಮಾತನ್ನು ತಾನೇ ರಸವತ್ತಾಗಿ ಹೇಳಿ ನಗಿಸುತ್ತಾಳೆ. ಎಲ್ಲರೂ ಹೊಗಳುವುದು ಅವಳ ಎದುರುಮಾತನ್ನು. ನನಗೆ ಹಿಡಿಸಿದ್ದು, ಅವಮಾನ ಊರಿನವರ ಬಾಯಿಗೆ ಬೀಳುವ ಮುಂಚೆ ಅದನ್ನು ತನ್ನ ಕಥೆ ಮಾಡಿಕೊಳ್ಳುವ ಈ ಜಾಣತನ.

ಅದೂ ಎಂಥ ಸ್ಥಿತಿಯಲ್ಲಿ! ಮನೆತುಂಬ ಐದು ಹೆಣ್ಣುಮಕ್ಕಳು. ಅಪ್ಪ ಕಣ್ಣು ಮುಚ್ಚಿದರೆ ಇರುವ ಮನೆಯೂ ದಾಯಾದಿ ಕಾಲಿನ್ಸ್‌ನ ಪಾಲು. ಅವನೇ ಬಂದು ಮದುವೆಯಾಗುತ್ತೇನೆಂದರೂ ಎಲಿಜಬೆತ್ ಒಲ್ಲೆ ಎನ್ನುತ್ತಾಳೆ. ಗೆಳತಿ ಶಾರ್ಲೆಟ್ ತನಗೆ ಇಪ್ಪತ್ತೇಳಾಯಿತೆಂದು ಲೆಕ್ಕಹಾಕಿ ಅವನನ್ನೇ ಒಪ್ಪುತ್ತಾಳೆ. ಶಾರ್ಲೆಟ್‌ಳನ್ನು ಬೈಯಲು ನನಗಂತೂ ಬಾಯಿ ಬರುವುದಿಲ್ಲ. 1985ರಲ್ಲಿ ದೂರದರ್ಶನ ಇದೇ ಕಥೆಯನ್ನು ‘ತೃಷ್ಣಾ’ ಧಾರಾವಾಹಿ ಮಾಡಿತು. ಗಂಡು ಹುಡುಕುವ ಅಮ್ಮನ ಗಡಿಬಿಡಿಯನ್ನು ನಮ್ಮವರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಕಲಬುರಗಿಯಿಂದ ಬಂದು ಇಲ್ಲಿನ ಅಯ್ಯಪ್ಪ ಸೊಸೈಟಿಯ ಹಾಸ್ಟೆಲಿನಲ್ಲಿರುವ ನಮ್ಮಕ್ಕನ ಮಗಳಿಗೆ ಸಂಬಳವಿದೆ, ದಾಯಾದಿಯ ಹೆದರಿಕೆಯಿಲ್ಲ. ಆದರೂ ನೋಡಲು ಬಂದವರ ಎದುರು ಕೂರುವುದು ತಪ್ಪಿಲ್ಲ. ಮೊನ್ನೆ ಒಬ್ಬ ಬಂದು ಹೋದ ಮೇಲೆ ಫೋನು ಮಾಡಿದಳು: “ಅಂವ ಹೆಣ್ಣ ನೋಡ್ಲಿಕ್ಕಿ ಬಂದಿದ್ದಿಲ್ಲ ಚಿಗವ್ವ, ಇಂಟರ್‌ವ್ಯೂ ತೊಗೊಳ್ಳಿಕ್ಕಿ ಬಂದಿದ್ದ. ಆಮ್ಯಾಲೆ ತಿಳಸ್ತೀವಿ ಅಂದಾರ, ಮೇಲ್ ನೋಡ್ಕೋತ ಕುಂತೀನಿ.” ಬೇಡವೆಂಬ ಉತ್ತರ ಬರುವಷ್ಟರಲ್ಲಿ ಅವಳ ರೂಮಿನವರೆಲ್ಲ ನಕ್ಕು ಮುಗಿಸಿದ್ದರು.

ಡಾರ್ಸಿ ದಾರಿಗೆ ಬಂದ ಮೇಲೂ ಎಲಿಜಬೆತ್ ನಾಲಿಗೆಯ ತುದಿಗೆ ಬಂದ ಒಂದು ತಮಾಷೆಯನ್ನು ನುಂಗಿಕೊಳ್ಳುತ್ತಾಳೆ. ತನ್ನನ್ನು ನೋಡಿ ಇನ್ನೊಬ್ಬರು ನಕ್ಕರೆ ತಡೆದುಕೊಳ್ಳುವುದನ್ನು ಇವನಿನ್ನೂ ಕಲಿತಿಲ್ಲ, ಈಗಲೇ ಶುರುಮಾಡುವುದು ಬೇಡ ಎಂದು. ಮದುವೆಯಾದ ಮೇಲೆ ಆ ದಾಕ್ಷಿಣ್ಯವಿಲ್ಲ. ಅಣ್ಣನನ್ನು ಅತ್ತಿಗೆ ಹೀಗೆ ಛೇಡಿಸುವುದನ್ನು ಕಂಡು ನಾದಿನಿ ಜಾರ್ಜಿಯಾನಾ ಮೊದಮೊದಲು ಗಾಬರಿಯಾಗುತ್ತಾಳೆ.