ಹಿತ್ತಿಲ ಹೇಟೆಗಳು

ನಾವು ಮತ ಹಾಕುವ ಕ್ಷೇತ್ರಕ್ಕೆ ಸರ್ವಜ್ಞನ ಹೆಸರಿಟ್ಟಿದ್ದಾರೆ. 2008ರ ಚುನಾವಣೆಗೆ ಮುಂಚೆ ಎಲ್ಲೆಕಟ್ಟುಗಳನ್ನು ಹೊಸದಾಗಿ ಎಳೆದಾಗ ಕಾಕ್ಸ್ ಟೌನು, ಲಿಂಗರಾಜಪುರ, ಬಾಣಸವಾಡಿ, ಕಮ್ಮನಹಳ್ಳಿಗಳೆಲ್ಲ ಈ ಹೆಸರಿನಡಿಗೆ ಬಂದವು. ಹೆಸರಿನ ಪ್ರಭಾವವೋ ಏನೋ, ಇಲ್ಲಿ ಯಾವ ವಿಷಯ ಎತ್ತಿದರೂ ತಿಳಿಯದವರು ಸಿಗುವುದಿಲ್ಲ. ಅದರಲ್ಲಿಯೂ ಕೋಳಿ ಸಾಕುವ ಮಾತು ತೆಗೆದಿರೋ, ಮುಗಿಯಿತು. ನಾನು ಕೋಳಿಮರಿ ತರುತ್ತೇನೆಂದು ಹೇಳಿದ ದಿನವೇ ಹಾಲಿನವನು ಒಂದು ಬುದ್ಧಿ ಹೇಳಿದ, ಇಸ್ತ್ರಿಯವನು ಇನ್ನೊಂದು ಹೇಳಿದ. ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನವರು ಕಾಗದ ತೆಗೆದು ಲೆಕ್ಕವನ್ನೇ ಹಾಕಿಕೊಟ್ಟರು. ಅಂಗಡಿಯಲ್ಲಿ ಏಳು ರೂಪಾಯಿಗೆ ಸಿಗುವ ಮೊಟ್ಟೆ ನಮ್ಮ ಹಿತ್ತಿಲಲ್ಲಿ ಹದಿನೆಂಟು ರೂಪಾಯಿಗೆ ಬೀಳುತ್ತದೆಂದು ಅವರ ಲೆಕ್ಕ. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ನನಗೆ ಬೇಕಾಗಿದ್ದದ್ದು ಮೊಟ್ಟೆಯಲ್ಲ.

ನಮ್ಮಮ್ಮ ಹೊಸಕೋಟೆ ತಾಲ್ಲೂಕಿನ ಹಳ್ಳಿಯವಳು. ಅಪ್ಪ ತೀರಿಕೊಂಡ ಮೇಲೆ, ಹೊಲ ಮಾರಿದ ಮೇಲೆ, ಕಾಕ್ಸ್ ಟೌನಿನ ನಮ್ಮ ಹೆಂಚಿನ ಮನೆಗೆ ಬಂದಳು. ಊರಿನಲ್ಲಿ ಬೆಳಗಿನ ಜಾವದಿಂದ ರಾತ್ರಿಯವರೆಗೆ ಒಂದು ನಿಮಿಷ ಸುಮ್ಮನೆ ಕೂತವಳಲ್ಲ. ಇಲ್ಲಿ ಗ್ಯಾಸು, ಮಿಕ್ಸಿ, ಪಾತ್ರೆ ತೊಳೆಯುವ ಹೆಂಗಸು. ಅವಳ ಕೈಗೆ ಕೆಲಸವೇ ಉಳಿಯಲಿಲ್ಲ. ಹಜಾರದ ಕಿಟಕಿಯ ಬಳಿ ಕೈಯೆರಡನ್ನೂ ಮಡಿಲಲ್ಲಿಟ್ಟುಕೊಂಡು ಕೂತಿರುತ್ತಿದ್ದಳು. ಊಟಕ್ಕೆ ಕರೆದರೆ ಬರುತ್ತಿದ್ದಳು, ಮಲಗು ಎಂದರೆ ಮಲಗುತ್ತಿದ್ದಳು. ಮಾತು ದಿನೇ ದಿನೇ ಕಡಿಮೆಯಾಯಿತು. ಒಂದು ದಿನ ನನ್ನ ಮಗಳ ಹೆಸರನ್ನು ಕರೆಯಲು ಹೋಗಿ ತಂಗಿಯ ಹೆಸರನ್ನು ಕರೆದಳು. ತಂಗಿ ಸತ್ತು ಮೂವತ್ತು ವರ್ಷವಾಗಿದೆ. ಆ ರಾತ್ರಿ ನಾನೂ ನನ್ನ ಹೆಂಡತಿಯೂ ಬಹಳ ಹೊತ್ತು ಮಾತನಾಡಿದೆವು. ಹಿತ್ತಿಲಲ್ಲಿ ಒಂದು ಸೀಬೆಮರ, ಬಟ್ಟೆ ಒಗೆಯುವ ಕಲ್ಲು, ಇಷ್ಟಗಲ ಖಾಲಿ ನೆಲ ಇದ್ದವು.

2024ರ ಜುಲೈ ತಿಂಗಳಲ್ಲಿ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಿಂದ ಹತ್ತು ಗಿರಿರಾಜ ಮರಿಗಳನ್ನು ತಂದೆ. ಗಿರಿರಾಜ ನಮ್ಮ ಬೆಂಗಳೂರಿನಲ್ಲೇ ಬೆಳೆಸಿದ ತಳಿ. ಹಿತ್ತಿಲಲ್ಲಿ ಕೆದಕಿಕೊಂಡು ತಿನ್ನುವ ಕೋಳಿಯೇ ಆದರೂ ನಾಟಿಗಿಂತ ಬೇಗ ಬೆಳೆಯುತ್ತದೆ, ವರ್ಷಕ್ಕೆ ನೂರೈವತ್ತರವರೆಗೂ ಮೊಟ್ಟೆಯಿಡುತ್ತದೆ. ಅಲ್ಲಿಯೇ ತಯಾರಾದ ಸ್ವರ್ಣಧಾರಾ ಎಂಬ ತಂಗಿಯೂ ಅದಕ್ಕಿದ್ದಾಳೆ. 2005ರಲ್ಲಿ ಬಂದವಳು, ಮೊಟ್ಟೆಯಲ್ಲಿ ಅಕ್ಕನನ್ನು ಮೀರಿಸುತ್ತಾಳೆಂದು ಹೇಳುತ್ತಾರೆ. ತೂತು ಕೊರೆದ ರಟ್ಟಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಕೂತೆ. ದಾರಿಯುದ್ದಕ್ಕೂ ಪೆಟ್ಟಿಗೆ ಚಿಂವ್‌ಗುಡುತ್ತಿತ್ತು. ಹಸಿದಿರಬಹುದೇ ಎಂಬ ಚಿಂತೆ ಬೇಕಾಗಿರಲಿಲ್ಲ. ಮೊಟ್ಟೆಯೊಡೆಯುವ ಮುಂಚೆ ಮರಿ ಉಳಿದ ಭಂಡಾರವನ್ನೆಲ್ಲ ಹೊಟ್ಟೆಯೊಳಕ್ಕೆ ಎಳೆದುಕೊಳ್ಳುತ್ತದೆ; ಆ ಬುತ್ತಿಯ ಮೇಲೆ ಎರಡು ಮೂರು ದಿನ ಕಾಳು ನೀರಿಲ್ಲದೆ ಬದುಕಬಲ್ಲದು. ಒಂದು ದಿನದ ಕೂಸುಗಳನ್ನು ರೈಲು ವಿಮಾನಗಳಲ್ಲಿ ದೇಶಾಂತರ ಕಳಿಸುವ ವ್ಯಾಪಾರವೆಲ್ಲ ಈ ಬುತ್ತಿಯ ಕೃಪೆ.

ಪೆಟ್ಟಿಗೆ ತೆರೆದಾಗ ಅಮ್ಮ ಬಗ್ಗಿ ನೋಡಿದಳು.

"ಏನೋ ಇದು, ತಾಯಿಲ್ಲದ ಮಕ್ಕಳನ್ನ ತಂದಿದೀಯ?" ಎಂದಳು. ಒಂದು ವಾರದಲ್ಲಿ ಅವಳು ತಾನಾಗಿ ಆಡಿದ ಮೊದಲನೆಯ ಮಾತು ಅದು.

ತಾಯಿಯ ಬದಲಿಗೆ ಅರವತ್ತು ವ್ಯಾಟಿನ ಬಲ್ಬು. ಅದೂ ಹುಡುಕಿ ತರಬೇಕಾದ ವಸ್ತುವಾಗಿದೆ, ಈಗಿನ ಎಲ್.ಇ.ಡಿ. ದೀಪಕ್ಕೆ ಬೆಳಕಿದೆ, ಕಾವಿಲ್ಲ. ಶಿವಾಜಿನಗರದ ಸಂದಿಯೊಂದರಲ್ಲಿ ಧೂಳು ಹಿಡಿದ ಹಳೆಯ ತಂತಿಬಲ್ಬುಗಳೆರಡು ಸಿಕ್ಕವು. ಮೊದಲನೆಯ ವಾರ ತೊಂಬತ್ತೈದು ಡಿಗ್ರಿ ಫ್ಯಾರನ್‌ಹೀಟ್, ಆಮೇಲೆ ವಾರಕ್ಕೆ ಐದೈದು ಇಳಿಸಬೇಕೆಂದು ಓದಿಕೊಂಡು ಥರ್ಮಾಮೀಟರು ತೂಗುಹಾಕಿದೆ. ಅಮ್ಮ ಅದರ ಕಡೆ ತಿರುಗಿಯೂ ನೋಡಲಿಲ್ಲ. ಮರಿಗಳು ಬಲ್ಬಿನ ಕೆಳಗೆ ಒಂದರ ಮೇಲೊಂದು ಬಿದ್ದರೆ ಚಳಿ, ದೂರ ಸರಿದು ಬಾಯಿ ತೆರೆದರೆ ಸೆಕೆ, ಹರಡಿಕೊಂಡು ಮಲಗಿದರೆ ಸರಿ. ಇದು ಅವಳ ಮಾಪನ. ಎರಡೂ ಒಂದೇ ಉತ್ತರ ಕೊಡುತ್ತಿದ್ದವೆಂದು ಇಲ್ಲಿ ದಾಖಲೆಯಾಗಲಿ. ನಾನು ಕೆಳಗೆ ಹಳೆಯ ಪತ್ರಿಕೆ ಹಾಸಿದ್ದೆ. ಸಾಪ್ತಾಹಿಕ ಪುರವಣಿಗಳೂ ಅದರಲ್ಲಿದ್ದವು, ಸಂಪಾದಕರು ಮನ್ನಿಸಬೇಕು. ನುಣುಪು ಕಾಗದದ ಮೇಲೆ ಮರಿಯ ಕಾಲು ಜಾರಿ ಅಗಲವಾಗಿಬಿಡುತ್ತದೆಂದು ಅಮ್ಮ ಅದನ್ನೆಲ್ಲ ಎತ್ತಿ ಗೋಣಿಚೀಲ ಹಾಸಿದಳು. ಆ ರಾತ್ರಿ ಎರಡು ಸಲ ಎದ್ದು ನೋಡಿಬಂದಳು.

ಲಸಿಕೆಯ ವಿಷಯದಲ್ಲಿ ಜಗಳವಾದೀತೆಂದು ನಾನು ಹೆದರಿದ್ದೆ. ಆಗಲಿಲ್ಲ. ಪುಸ್ತಕದವರು ರಾಣಿಖೇತ ಎನ್ನುವ ರೋಗವನ್ನು ಹಳ್ಳಿಯವರು ಕೊಕ್ಕರೆ ರೋಗ ಎನ್ನುತ್ತಾರೆ. 1920ರ ದಶಕದಲ್ಲಿ ಕುಮಾವೂ ಬೆಟ್ಟದ ರಾಣಿಖೇತದಲ್ಲಿ ಗುರುತಿಸಿದ್ದರಿಂದ ನಮ್ಮ ದೇಶದಲ್ಲಿ ಆ ಊರಿನ ಹೆಸರು ಅದಕ್ಕೆ ಅಂಟಿತು. ಪಾಪ, ಊರೇನು ಮಾಡೀತು! ಅಮ್ಮ ಹುಡುಗಿಯಾಗಿದ್ದಾಗ ಒಂದು ಬೇಸಗೆಯಲ್ಲಿ ಊರಿನ ಕೋಳಿಗಳೆಲ್ಲ ಕತ್ತು ತಿರುಚಿಕೊಂಡು ಎಂಟು ದಿನದಲ್ಲಿ ಸತ್ತದ್ದನ್ನು ಕಂಡಿದ್ದಳಂತೆ. ಕಣ್ಣಿಗೆ ಒಂದೊಂದು ತೊಟ್ಟು ಹಾಕುವಾಗ ಮರಿಯನ್ನು ಅವಳೇ ಹಿಡಿದುಕೊಂಡಳು. "ಇದು ಆವಾಗಿದ್ದಿದ್ದರೆ ನಮ್ಮಜ್ಜಿ ಅಷ್ಟು ಅಳ್ತಿರಲಿಲ್ಲ" ಎಂದಳು.

ಅಷ್ಟರಲ್ಲಿ ಸಂಸಾರ ಹೆಚ್ಚಿತು. ಅಮ್ಮ ನನ್ನನ್ನು ಕೆ.ಆರ್. ಪುರದ ಸಂತೆಗೆ ಹೊರಡಿಸಿ, ಒಂದು ಗಂಟೆ ಚೌಕಾಸಿ ಮಾಡಿ, ಎರಡು ನಾಟಿ ಯಾಟೆಗಳನ್ನು ಕೊಂಡಳು. ಎರಡರ ಕಾಲೂ ಅರಿಸಿನ ಬಳಿದಂತಿತ್ತು. ಜಗತ್ತಿನ ಸಾಕುಕೋಳಿಗಳಿಗೆಲ್ಲ ಮೂಲ ಕೆಂಪು ಕಾಡುಕೋಳಿಯೆಂಬುದು ಡಾರ್ವಿನ್ನನ ಕಾಲದಿಂದ ಬಂದ ಮಾತು. ಹಳದಿ ಚರ್ಮದ ಗುಣ ಮಾತ್ರ ದಕ್ಷಿಣದ ನಮ್ಮ ಕಾಡುಗಳ ಬೂದು ಕಾಡುಕೋಳಿಯಿಂದ ಬಂದಿರಬೇಕೆಂದು 2008ರಲ್ಲಿ ವಂಶವಾಹಿಗಳನ್ನು ಓದಿದವರು ಹೇಳಿದರು. ನಮ್ಮ ಘಟ್ಟದ ಕೋಳಿಯ ಅರಿಸಿನ ಅಮೆರಿಕದ ಕೋಳಿಯ ಕಾಲಿನಲ್ಲಿಯೂ ಇದೆಯೆಂದು ಅಮ್ಮನಿಗೆ ಹೇಳಿದರೆ, "ಇರಲಿ ಬಿಡು" ಎಂದಳು.

ಇನ್ನೆರಡು ಮರಿಗಳು ಬಂದದ್ದು ನನ್ನ ಹತ್ತು ವರ್ಷದ ಮಗಳಿಂದ. ರಸೆಲ್ ಮಾರ್ಕೆಟ್ಟಿನ ಹೊರಗೆ ಬುಟ್ಟಿಯಲ್ಲಿ ಗುಲಾಬಿ, ಹಸಿರು, ನೀಲಿ ಬಣ್ಣದ ಮರಿಗಳನ್ನು ಮಾರುವವನನ್ನು ನೀವೂ ನೋಡಿರಬಹುದು. ಮಕ್ಕಳು ಮುಂದೆ ಹೋಗುವುದಿಲ್ಲ, ನಮ್ಮವಳೂ ಹೋಗಲಿಲ್ಲ. ಒಂದು ಹಸಿರು, ಒಂದು ಗುಲಾಬಿ ಬಂದವು. ಈ ಬಣ್ಣದ ಹಿಂದೆ ಒಂದು ಕಪ್ಪು ಕಥೆಯಿದೆ. ಮೊಟ್ಟೆಗೆಂದೇ ಬೆಳೆಸಿದ ತಳಿಯಲ್ಲಿ ಹುಂಜ ಮೊಟ್ಟೆಯಿಡುವುದಿಲ್ಲ, ಮಾಂಸವೂ ಬೇಗ ತುಂಬುವುದಿಲ್ಲ. ಹೀಗಾಗಿ ಮೊಟ್ಟೆಯೊಡೆದ ದಿನವೇ ಗಂಡು ಹೆಣ್ಣು ಬೇರ್ಪಡಿಸುತ್ತಾರೆ. ಈ ಕಣ್ಣಳತೆಯ ವಿದ್ಯೆಯನ್ನು 1920-30ರ ದಶಕಗಳಲ್ಲಿ ಜಗತ್ತಿಗೆ ಕಲಿಸಿದವರು ಜಪಾನಿನವರು. ಹೆಣ್ಣು ಫಾರಮ್ಮಿಗೆ, ಗಂಡು ಜಗತ್ತಿನ ಬಹುಪಾಲು ಕಡೆ ಆ ದಿನವೇ ಕೊಲೆ. ಜರ್ಮನಿ ಇದನ್ನು 2022ರ ಜನವರಿಯಿಂದ ಕಾನೂನು ಮಾಡಿ ನಿಲ್ಲಿಸಿತು. ನಮ್ಮಲ್ಲಿ ಹಾಗೆ ಬೇಡವಾದವುಗಳಲ್ಲಿ ಕೆಲವು ಬಣ್ಣದಲ್ಲಿ ಮುಳುಗಿ ಬೀದಿಗೆ ಬರುತ್ತವೆ. ಬಹುಪಾಲು ವಾರ ಬದುಕುವುದಿಲ್ಲ. ಹಸಿರು ಮೂರನೆಯ ದಿನ ಹೋಯಿತು. ಗುಲಾಬಿ ಉಳಿಯಿತು. ಬಣ್ಣ ಉದುರಿ ಅಚ್ಚ ಬಿಳಿಯಾದರೂ ಅದರ ಹೆಸರು ಗುಲಾಬಿಯಾಗಿಯೇ ನಿಂತಿತು.

ಉಳಿದವುಗಳ ಲೆಕ್ಕ ಬೇಗ ಒಪ್ಪಿಸುತ್ತೇನೆ. ಗಿರಿರಾಜಗಳಲ್ಲಿ ಒಂದು ಎರಡನೆಯ ದಿನ ಕಾರಣವಿಲ್ಲದೆ ಸತ್ತಿತು. ಆಗಸ್ಟಿನಲ್ಲಿ ಚರಂಡಿಯ ಕಡೆಯಿಂದ ನೆಲ ಕೊರೆದು ಬಂದ ಹೆಗ್ಗಣ ಎರಡನ್ನು ಒಯ್ದಿತು. ಹದ್ದುಗಳಿಗೆಂದು ಮೇಲೆ ಬಲೆ ಕಟ್ಟಿದ್ದೆವು. ಶತ್ರು ಪಾತಾಳದಿಂದ ಬಂದ. ಮರುದಿನ ಅಮ್ಮ ಗೂಡಿನ ಅಡಿಗೆ ಕಲ್ಲುಚಪ್ಪಡಿ ಹಾಸಿಸಿದಳು. ಉಳಿದ ಏಳರಲ್ಲಿ ಮೂರು ಹುಂಜಗಳಾದವು. ಆ ಮೂರರ ಮಾತು ಬೇಡ. ದೀಪಾವಳಿಗೆ ನೆಂಟರು ಬಂದಿದ್ದರು. ಕೋಳಿಯನ್ನು ಕೇಳಿ ಮಸಾಲೆ ಅರೆಯುವ ಪದ್ಧತಿ ನಮ್ಮ ಮನೆತನದಲ್ಲಿಯೂ ಇಲ್ಲ.

ಗುಲಾಬಿಯನ್ನು ಯಾರೂ ಮುಟ್ಟಲಿಲ್ಲ. ಅದು ಮಗಳ ಹೆಗಲೇರಿ ಕೂತು ಅವಳ ಜೊತೆ ಮಗ್ಗಿ ಕಲಿಯುತ್ತಿತ್ತು. ಕೋಳಿಗಳಲ್ಲಿ ಯಾರು ಯಾರನ್ನು ಕುಕ್ಕಬಹುದೆಂಬ ಮೇಲುಕೀಳಿನ ಪಟ್ಟಿಯೊಂದು ಇರುತ್ತದಷ್ಟೆ. ಶೆಲ್‌ಡೆರಪ್-ಎಬ್ಬೆ ಎಂಬ ನಾರ್ವೆಯವನು ಬಾಲ್ಯದಿಂದ ಮನೆಯ ಕೋಳಿಗಳನ್ನೇ ನೋಡುತ್ತ ಕೂತು 1920ರ ದಶಕದ ಆರಂಭದಲ್ಲಿ ಅದನ್ನು ಬರೆದ. ನಮ್ಮ ಪಟ್ಟಿಯಲ್ಲಿ ಮೊದಲು ಅಮ್ಮ, ಆಮೇಲೆ ದೊಡ್ಡ ನಾಟಿ, ಆಮೇಲೆ ಗುಲಾಬಿ. ನಾನು ಕೊನೆಯಲ್ಲೆಲ್ಲೋ ಇದ್ದೆ. ಅಮ್ಮನ ಮಾತು ತಿರುಗಿ ಬಂದಿತ್ತು. ಕೋಳಿಗಳನ್ನು ಬೈಯುತ್ತ ಬೈಯುತ್ತ ನಮ್ಮನ್ನೂ ಬೈಯುವಷ್ಟಾಗಿದ್ದಳು.

ಡಿಸೆಂಬರಿನಲ್ಲಿ ಗುಲಾಬಿ ಕೂಗಲು ಕಲಿಯಿತು. ಬೆಳಗಾಗುವುದು ತನ್ನ ಕೋಳಿಯಿಂದಲೇ ಎಂದುಕೊಂಡಿದ್ದ ಅಜ್ಜಿಯ ಕಥೆ ಎಲ್ಲರಿಗೂ ಗೊತ್ತು. ಆದರೆ ಕೋಳಿಯೂ ಬೆಳಗನ್ನು ಕಾಯುವುದಿಲ್ಲ. ಜಪಾನಿನ ನಗೋಯಾ ವಿಶ್ವವಿದ್ಯಾಲಯದವರು ಹುಂಜಗಳನ್ನು ದಿನವಿಡೀ ಮಬ್ಬು ಬೆಳಕಿನಲ್ಲಿಟ್ಟು ನೋಡಿ, ಅವು ತಮ್ಮೊಳಗಿನ ಗಡಿಯಾರದ ಪ್ರಕಾರವೇ ಕೂಗುತ್ತವೆಂದು 2013ರಲ್ಲಿ ತೋರಿಸಿದರು. ಗುಲಾಬಿಯ ಗಡಿಯಾರ ಮೂರೂವರೆಗೆ ಹೊಡೆಯುತ್ತಿತ್ತು.

ಪಕ್ಕದ ಮನೆಯವರು ರೈಲ್ವೆಯಿಂದ ನಿವೃತ್ತರಾದವರು, ನಮ್ಮ ಮಗಳಿಗೆ 'ರೈಲ್ವೆ ತಾತ'. ನಲವತ್ತು ವರ್ಷದಿಂದ ಇಲ್ಲಿದ್ದಾರೆ. ಮನೆಮಾತು ತಮಿಳು; ದಂಡಿನ ಕಡೆಯ ಕನ್ನಡ. ಒಂದು ಸಂಜೆ ಗೋಡೆಯ ಆಚೆ ನಿಂತು, ನನ್ನನ್ನು ಬಿಟ್ಟು ಅಮ್ಮನನ್ನೇ ಕರೆದರು.

"ಅಮ್ಮಾ, ಬೇಜಾರ್ ಮಾಡ್ಕೋಬೇಡಿ. ನಮ್ ಮನೆಯವ್ರಿಗೆ ಹಾರ್ಟ್ ಆಪರೇಷನ್ ಆಗಿ ಹನ್ನೆರಡು ದಿನ. ರಾತ್ರಿ ಎರಡು ಗಂಟೆಗೆ ಕಣ್ ಮುಚ್ತಾರೆ. ಮೂರೂವರೆಗೆ ಇದು ಎಬ್ಬಿಸ್ತದೆ."

ಅವರು ಕೋಪ ಮಾಡಿಕೊಂಡಿದ್ದರೆ ನಮಗೆ ಸುಲಭವಾಗುತ್ತಿತ್ತು. ಅವರ ಕಣ್ಣಿನ ಸುತ್ತ ಕಪ್ಪಾಗಿತ್ತು. ಅಮ್ಮ, "ಆಯ್ತಪ್ಪ, ನಾನು ನೋಡ್ಕೋತೀನಿ" ಎಂದಳು.

ಹುಂಜ ಕೂಗಬೇಕಾದರೆ ಕತ್ತು ನೀಳವಾಗಿ ಎತ್ತಬೇಕು. ಅಮ್ಮ ಅದನ್ನು ರಾತ್ರಿ ತಗ್ಗಾದ ಮಂಕರಿಯ ಕೆಳಗಿಟ್ಟು ಗೋಣಿ ಹೊದಿಸಿದಳು. ಕೂಗು ಅರ್ಧವಾಯಿತು, ನಿಲ್ಲಲಿಲ್ಲ. ಬಚ್ಚಲಮನೆಯಲ್ಲಿ ಇಟ್ಟು ನೋಡಿದೆವು. ಅಲ್ಲಿ ದನಿ ಇನ್ನೂ ಗಟ್ಟಿಯಾಗಿ ಮೊಳಗಿತು. ಮೂರೂವರೆಗೆ ಅಮ್ಮನೇ ಎದ್ದು ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಬೆಳಕಾಗುವವರೆಗೆ ಅಡುಗೆಮನೆಯಲ್ಲಿ ಕೂತಿರತೊಡಗಿದಳು. ಎಪ್ಪತ್ತಾರು ವರ್ಷದವಳು, ಡಿಸೆಂಬರಿನ ಚಳಿ. ಹೀಗೆ ಮೂರು ವಾರ ನಡೆಯಿತು.

ಸಂಕ್ರಾಂತಿಯ ಮರುದಿನ, ಎಳ್ಳುಬೆಲ್ಲ ಕೊಡಲು ಊರಿನಿಂದ ಬಂದಿದ್ದ ಚಿಕ್ಕಪ್ಪನ ಮಗನ ಕೈಗೆ ಅಮ್ಮ ಗುಲಾಬಿಯನ್ನು ಕೊಟ್ಟಳು. ಕಾಲಿಗೆ ತಾನೇ ದಾರ ಕಟ್ಟಿದಳು. ಮಗಳು ಬಾಗಿಲಿನಲ್ಲಿ ನಿಂತಿದ್ದಳು.

"ಅಜ್ಜಿ, ಅಲ್ಲಿ ಚೆನ್ನಾಗಿರುತ್ತಾ ಅದು?"

ನನ್ನ ಬಾಯಲ್ಲಿ ಒಂದು ಸುಳ್ಳು ಸಿದ್ಧವಾಗಿತ್ತು; ನನ್ನ ಹೆಂಡತಿಯ ಬಾಯಲ್ಲಿ ಇನ್ನೂ ಚೆನ್ನಾದದ್ದು ಇದ್ದಿರಬೇಕು. ಅಮ್ಮ ನಮ್ಮಿಬ್ಬರ ಕಡೆಗೂ ನೋಡಲಿಲ್ಲ.

"ಚೆನ್ನಾಗಿರುತ್ತೆ. ತಿಪ್ಪೆ ಇದೆ, ಹೇಟೆಗಳಿವೆ, ಎಷ್ಟು ಹೊತ್ತಿಗೆ ಬೇಕಾದ್ರೂ ಕೂಗಬಹುದು. ಹೊಸತೊಡಕಿನ ತನಕ ಇರುತ್ತೆ."

ಯುಗಾದಿಯ ಮರುದಿನದ ಹೊಸತೊಡಕು ಏನೆಂದು ನಮ್ಮ ಮನೆಯ ಮಗುವಿಗೆ ವಿವರಿಸಬೇಕಾಗಿರಲಿಲ್ಲ. ಅವಳು ಒಳಗೆ ಹೋದಳು. ನಾಲ್ಕು ದಿನ ಅಜ್ಜಿಯ ಜೊತೆ ಮಾತಾಡಲಿಲ್ಲ. ನಾನು ಅಮ್ಮನನ್ನು, "ಹಾಗೆ ಹೇಳಬೇಕಿತ್ತಾ?" ಎಂದು ಕೇಳಿದೆ. "ಆಮೇಲೆ ಕೇಳಿದಾಗ ಏನು ಹೇಳ್ತಿದ್ದೆ?" ಎಂದಳು. ನನಗೆ ಉತ್ತರ ತೋಚಲಿಲ್ಲ. ಈಗಲೂ ತೋಚಿಲ್ಲ.

ಐದನೆಯ ದಿನ ಗಿರಿರಾಜ ಹೇಟೆಯೊಂದು ಒಗೆಯುವ ಕಲ್ಲಿನ ಮಗ್ಗುಲಲ್ಲಿ ಮೊದಲನೆಯ ಮೊಟ್ಟೆಯಿಟ್ಟಿತು. ಸಣ್ಣದು, ಕಂದು ಬಣ್ಣದ್ದು, ಒಂದು ಕಡೆ ರಕ್ತದ ಎಳೆ. ಕಂಡವಳು ಮಗಳು. ಅಜ್ಜಿಯನ್ನು ಕೂಗಿ ಕರೆಯದೆ ಬೇರೆ ದಾರಿಯಿರಲಿಲ್ಲ. ಒಂದು ಮೊಟ್ಟೆ ತಯಾರಾಗಲು ಹೇಟೆಯ ಒಡಲಿನಲ್ಲಿ ಇಪ್ಪತ್ತೈದು ಗಂಟೆಯ ಆಸುಪಾಸು ಬೇಕು, ಅದರಲ್ಲಿ ಬಹುಪಾಲು ಚಿಪ್ಪಿಗೇ ಹೋಗುತ್ತದೆ. ನಾಲ್ಕಾರು ದಿನದಲ್ಲಿ ನಾಲ್ಕೂ ಹೇಟೆಗಳು ಕೆಲಸಕ್ಕೆ ಹತ್ತಿದವು. ಮೊದಲನೆಯ ಆರು ಮೊಟ್ಟೆಗಳನ್ನು ಅಮ್ಮ ಗೋಡೆಯಾಚೆ ಕಳಿಸಿದಳು. ಡಾಕ್ಟರು ಬಿಳಿಯದನ್ನು ಮಾತ್ರ ತಿನ್ನಬಹುದೆಂದಿದ್ದಾರಂತೆ. ಹಳದಿಯನ್ನು ರೈಲ್ವೆ ತಾತ ತಿಂದರಂತೆ.

ಫೆಬ್ರವರಿ ಕೊನೆಯಲ್ಲಿ ಚಿಕ್ಕಬಳ್ಳಾಪುರದ ವರದಹಳ್ಳಿಯಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಾಗ ನಮ್ಮ ಬೀದಿಯಲ್ಲಿಯೂ ಗುಸುಗುಸು ಎದ್ದಿತು. ಅಮ್ಮ ಕೋಳಿಗಳನ್ನು ಹೊರಗೆ ಬಿಡದೆ, ಗೂಡಿಗೆ ಹೋಗುವ ಚಪ್ಪಲಿಯನ್ನೇ ಬೇರೆ ಮಾಡಿ, ಒಂದು ತಿಂಗಳು ಕಳೆದಳು.

ಏಪ್ರಿಲ್ ಕೊನೆಗೆ ದೊಡ್ಡ ನಾಟಿ ಕಾವು ಕೂತಿತು. ಗಿರಿರಾಜಗಳು ಮೊಟ್ಟೆಯಿಟ್ಟು ಮರೆಯುವ ಜಾತಿ. ನಾಟಿ ಹಾಗಲ್ಲ, ಹದಿನೈದು ಇಟ್ಟಿತೋ, ರೆಕ್ಕೆಯುಬ್ಬಿಸಿ ಕೂತುಬಿಡುತ್ತದೆ. ಮಗಳು ಕುಣಿದಾಡಿದಳು. ಹುಂಜವಿಲ್ಲದ ಮೊಟ್ಟೆ ಮರಿಯಾಗುವುದಿಲ್ಲವೆಂದು ಅಮ್ಮ ಹೇಳಿದಾಗ ಅವಳು ಏನೂ ಅನ್ನಲಿಲ್ಲ. ಗೋಡೆಯ ಕಡೆ ನೋಡಿದಳು. ನಾಟಿ ಬರೀ ನೆಲದ ಮೇಲೆಯೇ ಮೂರು ದಿನ ಕೂತಿತು. ನಾಲ್ಕನೆಯ ದಿನ ಅಮ್ಮ ಒಬ್ಬಳೇ ಬಸ್ಸು ಹತ್ತಿ ಊರಿಗೆ ಹೋಗಿ, ತೌಡು ತುಂಬಿದ ಡಬ್ಬಿಯಲ್ಲಿ ಒಂಬತ್ತು ಮೊಟ್ಟೆ ಹೂತು ತಂದು, ಕತ್ತಲಾದ ಮೇಲೆ ಕೋಳಿಯ ಅಡಿಗೆ ಇಟ್ಟಳು. ಒಂದೂವರೆ ವರ್ಷದಲ್ಲಿ ಅವಳು ಒಬ್ಬಳೇ ಹೊರಗೆ ಹೋದದ್ದು ಅದೇ ಮೊದಲು. ಅವು ಯಾವ ಹುಂಜದ ಮೊಟ್ಟೆಗಳೆಂದು ಮಗಳು ಕೇಳಿದಳು. ಆ ಊರಿನ ತಿಪ್ಪೆಯ ಮೇಲೆ ಜನವರಿಯಿಂದ ಮಾರ್ಚಿಯವರೆಗೆ ಒಂದು ಬಿಳಿಯ ಹುಂಜ ಇದ್ದದ್ದು ನಿಜ. ಆದರೆ ಹೊಸತೊಡಕಾಗಿ ತಿಂಗಳಾಗಿತ್ತು. "ನನಗೆ ಗೊತ್ತಿಲ್ಲ ಮಗ" ಎಂದಳು ಅಮ್ಮ.

ಏಳನೆಯ ರಾತ್ರಿ ಮೊಬೈಲಿನ ಬೆಳಕಿಗೆ ಹಿಡಿದು ನೋಡಿದಾಗ ಏಳರಲ್ಲಿ ಕೆಂಪು ಎಳೆಗಳು ಜೇಡನ ಬಲೆಯಂತೆ ಹಬ್ಬಿದ್ದವು, ನಡುವೆ ಒಂದು ಚುಕ್ಕೆ ಮಿಡಿಯುತ್ತಿತ್ತು. ಮಗಳು ಕ್ಯಾಲೆಂಡರಿನಲ್ಲಿ ಇಪ್ಪತ್ತೊಂದನೆಯ ದಿನಕ್ಕೆ ಗುಂಡಗೆ ಗೆರೆ ಎಳೆದಿದ್ದಾಳೆ. ರೈಲ್ವೆ ತಾತನ ಮನೆಯವರು ಈಗ ಸಂಜೆ ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆಯುತ್ತಾರೆ. ಮೊನ್ನೆ ಗೋಡೆಯ ಬಳಿ ನಿಂತು, ಏಳರಲ್ಲಿ ಹುಂಜ ಎಷ್ಟಾಗಬಹುದೆಂದು ಅಮ್ಮನನ್ನು ಕೇಳುತ್ತಿದ್ದರು.