ಹಿನ್ನೀರಿನಾಚೆ ಎರಡು ಕಡ್ಡಿ ಸಿಗ್ನಲ್

ಸಾಗರದಿಂದ ಸಿಗಂದೂರಿಗೆ ಹೊರಟವರು ಹಿಂದೆಲ್ಲ ಹೊಳೆಬಾಗಿಲಿನಲ್ಲಿ ಇಳಿದು ಲಾಂಚಿಗಾಗಿ ಕಾಯಬೇಕಿತ್ತು. ಬಸ್ಸು, ಜೀಪು, ಬೈಕು, ದೇವಿಯ ಭಕ್ತರು, ಕಾಲೇಜಿನ ಹುಡುಗರು ಎಲ್ಲರಿಗೂ ಅದೊಂದೇ ದಾರಿ. ಸಂಜೆ ಲಾಂಚ್ ನಿಂತಿತೆಂದರೆ ಕಾಯಿಲೆ ಬಿದ್ದವರೂ ಬೆಳಗಾಗುವುದನ್ನೇ ನೋಡಬೇಕು, ಇಲ್ಲವೇ ಕಾಡುದಾರಿಯಲ್ಲಿ ಬಹುದೂರ ಬಳಸಿ ಹೋಗಬೇಕು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ನಡುವೆ 2.44 ಕಿಲೋಮೀಟರ್ ಉದ್ದದ ಸೇತುವೆ ತೆರೆಯಿತು. ಈಗ ಹಿನ್ನೀರು ದಾಟಲು ಐದು ನಿಮಿಷ ಸಾಕು.

ಆಚೆ ದಡದ ತುಮರಿ ಸುತ್ತಿನ ಜನ ಕೇಳುತ್ತ ಬಂದದ್ದು ಈ ಸೇತುವೆಯೊಂದನ್ನೇ ಅಲ್ಲ. ಮೊಬೈಲಿಗೆ ಸಿಗ್ನಲ್ ಬೇಕೆಂಬುದೂ ಅವರ ಹಳೆಯ ಬೇಡಿಕೆ.

ಇಲ್ಲಿನ ಕಥೆ ಸ್ವಲ್ಪ ವಿಚಿತ್ರವಾದದ್ದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಗದ್ದೆ, ತೋಟ, ಮನೆಗಳು ನೀರಿನಡಿ ಸೇರಿದವು. ಶರಾವತಿಯ ವಿದ್ಯುತ್ತಿನಿಂದ ನಾಡಿನ ಊರೂರು ಬೆಳಗಿತು. ಭೂಮಿ ಕೊಟ್ಟವರಲ್ಲಿ ಉಳಿದವರು ಮಾತ್ರ ನೀರು ಮತ್ತು ಕಾಡಿನ ನಡುವೆ ಸಿಕ್ಕಿಕೊಂಡರು.

ಕೊರೊನಾ ಬಂದು 2020ರಲ್ಲಿ ಶಾಲೆಗಳು ಮುಚ್ಚಿದಾಗ ಮಲೆನಾಡಿನ ಮಕ್ಕಳು ಪುಸ್ತಕದ ಜೊತೆ ಕೊಡೆ ಹಿಡಿದು ಗುಡ್ಡ ಹತ್ತಿದರು. ಸಿಗ್ನಲ್ ಎರಡು ಕಡ್ಡಿ ತೋರಿಸುವ ಜಾಗದಲ್ಲಿ ಕೋಲು ನೆಟ್ಟು ಟಾರ್ಪಾಲು ಕಟ್ಟಿದರೆ ಅದೇ ತರಗತಿ. ಉಂಬಳ ಕಾಲಿಗೆ ಹತ್ತಿದರೂ ಪಾಠ ಬಿಡುವಂತಿಲ್ಲ. ಹೆಣ್ಣುಮಕ್ಕಳನ್ನು ಒಬ್ಬರೇ ಕಳಿಸಲು ಮನಸ್ಸಾಗದ ಅಪ್ಪ ಅಮ್ಮ ತೋಟದ ಕೆಲಸ ಬಿಟ್ಟು ಜೊತೆಗೆ ಕೂತರು. ನೆಟ್‌ವರ್ಕ್ ಇಲ್ಲದಿದ್ದರೆ ಮತವೂ ಇಲ್ಲ ಎಂಬ ಕೂಗು ಎದ್ದದ್ದು ಆಗಲೇ.

ಇಷ್ಟು ಕಷ್ಟವೇಕೆ? ಮೊಬೈಲಿನ ಅಲೆಗಳು ಬೆಳಕಿನ ಬಂಧುಗಳು. ಗುಡ್ಡ ಅಡ್ಡ ಬಂದರೆ ಹಿಂದಿನ ಕಣಿವೆಗೆ ನೆರಳು ಬೀಳುತ್ತದೆ. ಮಳೆಯಲ್ಲಿ ತೊಯ್ದ ಎಲೆಗಳು ಉಳಿದದ್ದನ್ನೂ ಹೀರುತ್ತವೆ. 700 ಮೆಗಾಹರ್ಟ್ಸ್‌ನಂಥ ಕಡಿಮೆ ಆವರ್ತನದ ಅಲೆಗಳು 2,100 ಮೆಗಾಹರ್ಟ್ಸ್‌ನವಕ್ಕಿಂತ ದೂರ ಸಾಗುತ್ತವೆ, ಮರಗಳ ನಡುವೆಯೂ ಹೆಚ್ಚು ನುಸುಳುತ್ತವೆ. ಬಯಲುಸೀಮೆಯಲ್ಲಿ ಒಂದು ಟವರ್ ಹತ್ತಾರು ಹಳ್ಳಿಗೆ ಸಾಕಾದರೆ, ಇಲ್ಲಿ ಗುಡ್ಡಕ್ಕೊಂದು ಬೇಕು. ಗುಡ್ಡದ ಕೆಳಗಿರುವುದು ಆರೇಳು ಮನೆ. ಲಾಭದ ಲೆಕ್ಕ ಹಾಕುವ ಕಂಪನಿ ಇಲ್ಲಿಗೆ ಏಕೆ ಬಂದೀತು? ಸಾಲದ್ದಕ್ಕೆ ಅಭಯಾರಣ್ಯ: ಕಂಬ ನೆಡಲೂ ಕೇಬಲ್ಲು ಹೂಳಲೂ ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ಸಿಂಗಳೀಕಗಳ ಕಾಡನ್ನು ಉಳಿಸುವವರ ಮಾತಿನಲ್ಲಿ ಹುರುಳಿಲ್ಲ ಎನ್ನಲಾಗದು.

ಲಾಭವಿಲ್ಲದ ಊರುಗಳಿಗೆ ಸರ್ಕಾರವೇ ಹಣ ಕೊಡಬೇಕೆಂದು 2022ರ ಜುಲೈಯಲ್ಲಿ ಕೇಂದ್ರ ಸಂಪುಟ ಒಪ್ಪಿತು. ದೇಶದಲ್ಲಿ ಸಂಪರ್ಕವಿಲ್ಲದ 24,680 ಹಳ್ಳಿಗಳಿಗೆ 4ಜಿ ತಲುಪಿಸಲು 26,316 ಕೋಟಿ ರೂಪಾಯಿ, ಕೆಲಸ ಬಿಎಸ್‌ಎನ್‌ಎಲ್‌ನದು. ಇದಕ್ಕೆ ದೇಶದಲ್ಲೇ ತಯಾರಾದ ಉಪಕರಣ ಎಂಬುದು ವಿಶೇಷ. ನೆನಪಿಗೆ ಬರುವ ಇನ್ನೊಂದು ಸಂಗತಿಯೂ ಇದೆ: ಹಳ್ಳಿಗಳಿಗೆಂದೇ ಸಿ-ಡಾಟ್ ರೂಪಿಸಿದ, ಹವಾನಿಯಂತ್ರಣದ ಹಂಗಿಲ್ಲದ ಪುಟ್ಟ ಟೆಲಿಫೋನ್ ಎಕ್ಸ್‌ಚೇಂಜ್ 1986ರಲ್ಲಿ ಮೊದಲು ಕೆಲಸ ಆರಂಭಿಸಿದ್ದು ನಮ್ಮ ಕಿತ್ತೂರಿನಲ್ಲಿ.

ಆದರೆ ಟವರ್ ಎದ್ದು ನಿಂತ ಮಾತ್ರಕ್ಕೆ ಸಿಗ್ನಲ್ ಬಂತೆಂದಲ್ಲ. ಅದಕ್ಕೆ ಕರೆಂಟು ಬೇಕು, ಹೊರಜಗತ್ತಿಗೆ ಜೋಡಿಸುವ ಕೇಬಲ್ಲೋ ಮೈಕ್ರೋವೇವ್ ಕೊಂಡಿಯೋ ಬೇಕು. ಆಷಾಢದ ಗಾಳಿಗೆ ಮರ ಬಿದ್ದು ತಂತಿ ಹರಿದರೆ ಬ್ಯಾಟರಿ ಕೆಲವು ಗಂಟೆ ಎಳೆಯುತ್ತದೆ. ಆಮೇಲೆ ಡೀಸೆಲ್ ತುಂಬುವವರು ಬರದಿದ್ದರೆ ಟವರ್ ಬರಿಯ ಕಬ್ಬಿಣ. ಗ್ರಾಮಸಭೆಯಲ್ಲಿ ಟವರ್ ಕೇಳುವ ಪೋಷಕರು ಬ್ಯಾಟರಿ ಎಷ್ಟು ಗಂಟೆಯದು, ಜನರೇಟರಿನ ಹೊಣೆ ಯಾರದು ಎಂದೂ ಕೇಳಿ ಬರೆಸಿಕೊಳ್ಳುವುದು ಒಳ್ಳೆಯದು. ಪರೀಕ್ಷೆಯ ಅರ್ಜಿ ತುಂಬಲು ಕಡೆಯ ದಿನ ಮಳೆಗಾಲದಲ್ಲೂ ಬರುತ್ತದೆ. 108ಕ್ಕೆ ಕರೆ ಮಾಡಬೇಕಾಗಿ ಬರುವುದೂ ಹೆಚ್ಚಾಗಿ ಅಂಥ ರಾತ್ರಿಗಳಲ್ಲೇ. ಆಂಬುಲೆನ್ಸ್ ದಾಟಲು ಈಗ ಸೇತುವೆಯಂತೂ ಇದೆ. ಅದನ್ನು ಕರೆಯಲು ಯಾರೂ ಗುಡ್ಡ ಹತ್ತಬೇಕಾಗಿ ಬರಬಾರದು.