ಓಖ್ಲಾದ ವೇಷದ ಜಾತ್ರೆ

ದಿಲ್ಲಿಯ ಡಿಸೆಂಬರ್ ಚಳಿಯಲ್ಲಿ ಭಾನುವಾರ ಬೆಳಗ್ಗೆ ರಜಾಯಿ ಬಿಟ್ಟೇಳುವುದೆಂದರೆ ಗುಮಾಸ್ತರಾದ ನಮಗೆ ಸಾಮಾನ್ಯ ಸಂಗತಿಯಲ್ಲ. ಆದರೂ 2024ರ ಡಿಸೆಂಬರ್ 8ರಂದು ಹತ್ತು ಗಂಟೆಗೆಲ್ಲ ನಾವೂ ನಮ್ಮ ಮನೆಯಾಕೆಯೂ ಆರ್. ಕೆ. ಪುರಂ ಮೆಟ್ರೋ ನಿಲ್ದಾಣದಲ್ಲಿದ್ದೆವು. ಜೊತೆಗೆ ಅಕ್ಕನ ಮಗಳು. ಅವಳ ಚೀಲದಲ್ಲಿ ಒಂದು ಕವಚ, ಕಿರೀಟ, ಖಡ್ಗ. ತಪಾಸಣೆಯ ಜವಾನನು ಖಡ್ಗವನ್ನು ಹೊರಗೆಳೆದು ಬಗ್ಗಿಸಿ ನೋಡಿದನು. ಅದು ಬಾಳೆಯ ಎಲೆಯಂತೆ ಬಾಗಿತು. ಅವನೂ ನಕ್ಕನು, ನಾವೂ ನಕ್ಕೆವು.

ನಗುವುದಕ್ಕೆ ಹೊರಟ ಪ್ರಯಾಣವೇನೂ ಅದಲ್ಲ. ಹುಡುಗಿ ಎರಡು ವರ್ಷಗಳಿಂದ ನಮ್ಮ ಮನೆಯಲ್ಲಿದ್ದು ನೋಯ್ಡಾದ ಕಂಪೆನಿಯೊಂದರಲ್ಲಿ ಕೆಲಸ ಮಾಡುತ್ತಿದ್ದಳು. ಸಂಜೆಯಾದರೆ ಕತ್ತರಿ, ಅಂಟು, ಬಣ್ಣ. ಒಂದು ರಾತ್ರಿ ಊಟಕ್ಕೆ ಕುಳಿತಾಗ, "ಮಾವ, ನೌಕರಿ ಬಿಟ್ಟು ಇದನ್ನೇ ಕಸುಬು ಮಾಡಿಕೊಳ್ಳುತ್ತೇನೆ" ಎಂದುಬಿಟ್ಟಳು. ಸುದ್ದಿ ಉಡುಪಿಗೆ ತಲುಪಿತು. ಅಕ್ಕ ಫೋನಿನಲ್ಲಿ ಅತ್ತಳು: "ಮೇಳದವರಿಗಾದರೂ ಪತ್ತನಾಜೆಯ ತನಕ ಸಂಬಳ ಉಂಟು. ಇವಳಿಗೆ ಏನುಂಟು? ನೀನೇ ಒಮ್ಮೆ ಹೋಗಿ ನೋಡಿ ಹೇಳು ಮಾರಾಯ."

ಈ ಹವ್ಯಾಸಕ್ಕೆ ಕಾಸ್‌ಪ್ಲೇ ಎಂದು ಹೆಸರು. ಕಥೆ, ಚಲನಚಿತ್ರ, ಆಟಗಳಲ್ಲಿ ಬರುವ ಪಾತ್ರಗಳ ವೇಷವನ್ನು ತಾವೇ ತಯಾರಿಸಿ ತೊಡುವುದು. ಹೆಸರು ಜಪಾನಿನಲ್ಲಿ 1980ರ ದಶಕದಲ್ಲಿ ಹುಟ್ಟಿದ್ದು. ಪದ್ಧತಿ ಅದಕ್ಕಿಂತ ಹಳೆಯದು. 1939ರಲ್ಲಿ ನ್ಯೂಯಾರ್ಕಿನ ವಿಜ್ಞಾನ ಕಥಾ ಸಮ್ಮೇಳನಕ್ಕೆ ಫಾರೆಸ್ಟ್ ಆ್ಯಕರ್‌ಮನ್ ಮತ್ತು ಮಿರ್ಟಲ್ ಡಗ್ಲಾಸ್ ಎಂಬಿಬ್ಬರು ಭವಿಷ್ಯತ್ಕಾಲದ ಉಡುಪು ಧರಿಸಿ ಬಂದಿದ್ದರು. ಇಬ್ಬರ ಉಡುಪನ್ನೂ ಹೊಲಿದವಳು ಡಗ್ಲಾಸಳೇ. ಜಪಾನಿನ ನಗೋಯಾದಲ್ಲಿ 2003ರಿಂದ ಇದರದೇ ಒಂದು ಜಾಗತಿಕ ಸಮಾವೇಶ ನಡೆಯುತ್ತಿದೆ. ನಮ್ಮ ದಿಲ್ಲಿಯಲ್ಲಿ ಮೊದಲ ಕಾಮಿಕ್ ಕಾನ್ 2011ರಲ್ಲಿ ದಿಲ್ಲಿ ಹಾಟ್‌ನಲ್ಲಿ ನೆರೆಯಿತು.

ಹಿಂದಿನ ಶನಿವಾರ ಅವಳೊಡನೆ ಸಾಮಾನು ಕೊಳ್ಳಲು ಹಳೆಯ ದಿಲ್ಲಿಗೂ ಹೋಗಿದ್ದೆವು. ಚಾಂದನಿ ಚೌಕದಿಂದ ಬೆಳ್ಳಿಯಂಗಡಿಗಳ ದರೀಬಾದೊಳಗೆ ನುಗ್ಗಿ ಪಕ್ಕಕ್ಕೆ ತಿರುಗಿದರೆ ಕಿನಾರಿ ಬಜಾರು. ಇಬ್ಬರು ಎದುರಾದರೆ ಒಬ್ಬರು ಅಂಗಡಿಯ ಮೆಟ್ಟಿಲೇರಬೇಕು, ಅಷ್ಟು ಕಿರಿದು. ಎರಡೂ ಕಡೆ ಜರಿ, ಕಲಾಪತ್ತು, ಮಣಿ, ರಾಮಲೀಲೆಯ ಕಿರೀಟಗಳು. ಒಬ್ಬ ಮುದುಕ ಅಂಗಡಿಕಾರರು ರಾವಣನ ಕಿರೀಟಕ್ಕೆ ಕನ್ನಡಿ ಕೂರಿಸುತ್ತಿದ್ದರು. ರಾಮಲೀಲೆ ಮುಗಿದು ಎಷ್ಟೋ ದಿನವಾಗಿದೆಯಲ್ಲ ಎಂದೆವು. "ರಾವಣನಿಗೆ ಹತ್ತೇ ದಿನ, ಬಾಬೂಜಿ, ನಮಗೆ ವರ್ಷವಿಡೀ" ಎಂದರು. ಆ ಮಾತು ನಮ್ಮ ಮನಸ್ಸಿನಲ್ಲಿ ಉಳಿಯಿತು.

ಓಖ್ಲಾ ಎನ್‌ಎಸ್‌ಐಸಿ ನಿಲ್ದಾಣದಲ್ಲಿ ಇಳಿದರೆ ಮೈದಾನಕ್ಕೆ ದಾರಿ ಕೇಳಬೇಕಾಗಿಲ್ಲ. ಸ್ಪೈಡರ್‌ಮ್ಯಾನ್‌ಗಳ ಹಿಂದೆ ನಡೆದರೆ ಸಾಕು. ಒಳಗೆ ಜನವೋ ಜನ. ಹಸಿರು-ಕಪ್ಪು ಚೌಕಳಿಯ ನಿಲುವಂಗಿಯ ಜಪಾನಿ ವೀರರು, ರೆಕ್ಕೆಯ ರಾಕ್ಷಸರು, ಜಟಾಧಾರಿಯಾದ ಒಬ್ಬ ಶಿವ. ಅಷ್ಟಮಿಯ ಮಾರನೆಯ ದಿನ ಉಡುಪಿಯ ರಥಬೀದಿ ನೆನಪಾಯಿತು. ನಮ್ಮ ಹುಡುಗಿ ವಂಡರ್ ವುಮನ್ ಆಗಿ ಬಂದಾಗ ಮಕ್ಕಳು ಅವಳನ್ನು ಮುತ್ತಿದರು. ನಮ್ಮ ಮನೆಯಾಕೆ ಸದ್ದಿಲ್ಲದೆ ದೃಷ್ಟಿ ತೆಗೆದಳು.

ಅಷ್ಟರಲ್ಲಿ ಕವಚದ ಪಟ್ಟಿ ಕಿತ್ತುಹೋಯಿತು. ಹುಡುಗಿಯ ಮುಖ ಬಾಡಿತು. ಪಕ್ಕದಲ್ಲಿದ್ದ ಅಪರಿಚಿತ ತರುಣನೊಬ್ಬ ತನ್ನ ಚೀಲದಿಂದ ಅಂಟು ತೆಗೆದು ಐದು ನಿಮಿಷದಲ್ಲಿ ಸರಿಮಾಡಿದನು. ಅವನಿಗೆ ಇದೇ ಜೀವನೋಪಾಯವಂತೆ. ಬಹುಮಾನವನ್ನು ನಂಬಿ ಬದುಕಲಾಗದೆಂದನು. ಬೇರೆಯವರಿಗೆ ವೇಷ ಮಾಡಿಕೊಡುವುದು, ಕಂಪೆನಿಗಳ ಮಳಿಗೆಯಲ್ಲಿ ದಿನಗೂಲಿಗೆ ವೇಷ ಹಾಕಿ ನಿಲ್ಲುವುದು, ಹೊಸಬರಿಗೆ ಕಲಿಸುವುದು—ಮೂರೂ ಸೇರಿ ಸಂಸಾರ ನಡೆಯುತ್ತದೆ. ಅರ್ಧ ಹಣ ಮುಂಗಡ ಬಾರದೆ ಅವನು ಕತ್ತರಿ ಹಿಡಿಯುವುದಿಲ್ಲ. ಮೊದಲ ಮೂರು ವರ್ಷ ನೌಕರಿಯನ್ನೂ ಬಿಟ್ಟಿರಲಿಲ್ಲ.

ಹಿಂತಿರುಗುವಾಗ ಮೆಟ್ರೋದಲ್ಲಿ ನಮ್ಮ ಟಿಪ್ಪಣಿ ಪುಸ್ತಕ ತೆರೆದೆವು. ಗುಮಾಸ್ತರ ಬುದ್ಧಿ ಎಲ್ಲಿಗೆ ಹೋದೀತು! ಕವಚಕ್ಕೆ ಬೇಕಾದದ್ದು ಮಕ್ಕಳ ಆಟದ ಚಾಪೆಗೆ ಬಳಸುವ ಈ.ವಿ.ಎ. ಫೋಮ್ ಹಾಳೆಗಳು; ಕತ್ತರಿಸಿ, ಬಿಸಿಗಾಳಿಯಿಂದ ಬಗ್ಗಿಸಿ, ಅಂಟಿಸಿ ಬಣ್ಣ ಹಚ್ಚಬೇಕು. ಸಾಮಾನಿಗೆ 4,800 ರೂಪಾಯಿ. ದುಡಿಮೆ 90 ಗಂಟೆ. ಅಂಥದೇ ಒಂದನ್ನು ಮಾಡಿಕೊಡಲು ಒಬ್ಬಾಕೆ 6,000 ಕೊಡುತ್ತೇನೆಂದಿದ್ದಳು. ಹುಡುಗಿಗೆ ಅದೇ ದೊಡ್ಡ ಸಂತೋಷ. ನಾವು ಕಳೆದು ಭಾಗಿಸಿ ತೋರಿಸಿದೆವು: ಗಂಟೆಗೆ 13 ರೂಪಾಯಿ ಚಿಲ್ಲರೆ.

ಹೌಜ್ ಖಾಸ್ ಬರುವವರೆಗೂ ಅವಳು ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ, "ನನ್ನ ಗಂಟೆಗಳನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ ಮಾವ" ಎಂದಳು. ಗಂಟೆಗೆ 120ರಂತೆ ಲೆಕ್ಕ ಹಾಕಿ 15,600 ಎಂದು ಅಲ್ಲೇ ಆ ಗಿರಾಕಿಗೆ ಬರೆದಳು. ಆಕೆ ಮತ್ತೆ ಉತ್ತರಿಸಲಿಲ್ಲ. ಆದರೆ ಫೆಬ್ರವರಿಯಲ್ಲಿ ಇನ್ನೊಬ್ಬರು ಅದೇ ಬೆಲೆಗೆ ಒಪ್ಪಿ ಅರ್ಧ ಮುಂಗಡ ಕಳಿಸಿದರು. ಕತ್ತರಿಸುವ ನಮೂನೆಗಳು ಸಿದ್ಧವಿದ್ದುದರಿಂದ ಈ ಸಲ 60 ಗಂಟೆ ಸಾಕಾಯಿತು. ನೌಕರಿ ಬಿಡುವ ಮಾತನ್ನು ಅವಳೇ ಮುಂದಕ್ಕೆ ಹಾಕಿದಳು, ಕತ್ತರಿಯನ್ನು ಬಿಡಲಿಲ್ಲ. ಅಕ್ಕನಿಗೆ ಇಷ್ಟನ್ನೇ ತಿಳಿಸಿದೆವು.

ಇನ್ನು ನಮ್ಮ ಸಂಘದ ಮಾತು. 2025ರ ಯುಗಾದಿಗೆ ಮಕ್ಕಳ 'ಕಿತ್ತೂರು ಚೆನ್ನಮ್ಮ' ನಾಟಕ. ಕವಚ, ಕತ್ತಿ, ಗುರಾಣಿಗಳನ್ನು ನಮ್ಮ ಹುಡುಗಿಯಿಂದಲೇ ಮಾಡಿಸೋಣವೆಂದು ಸಭೆ ನಿರ್ಧರಿಸಿತು. "ನಮ್ಮವಳೇ ಅಲ್ಲವೆ, ದುಡ್ಡೇಕೆ?" ಎಂದರು ಹಿರಿಯರೊಬ್ಬರು, ಪ್ರೀತಿಯಿಂದಲೇ. ಪ್ರತಿ ವರ್ಷ ನಾಟಕದ ಉಡುಪಿಗೆ ನಾವು ಬಾಡಿಗೆ ಕೊಡುತ್ತಲೇ ಬಂದಿದ್ದೇವೆ. ಖಜಾಂಚಿಯಾದ ನಾವು ಟಿಪ್ಪಣಿ ಪುಸ್ತಕವನ್ನು ಮೇಜಿನ ಮೇಲೆ ತೆರೆದಿಟ್ಟೆವು. ಹಿರಿಯರು ಕನ್ನಡಕ ಏರಿಸಿಕೊಂಡು ಓದಿದರು. ಅರ್ಧ ಮುಂಗಡದ ಚೆಕ್ಕಿಗೆ ಮೊದಲ ಸಹಿ ಅವರದೇ.